ಹಳೆಯ ಕಾರ್ಬ್ಯುರೇಟರ್ ಎಂಜಿನ್: 95 ಆಕ್ಟೇನ್ ಹಾಕಿದರೆ ಕಟಕಟ ಸದ್ದು ಅಡಗುತ್ತದೆ, 91ಕ್ಕೆ ಮರಳಿದರೆ ಮತ್ತೆ ಶುರು

ಹಳೆಬಂಡಿ:
ನಾಲ್ಕು ಸಿಲಿಂಡರಿನ ಕಾರ್ಬ್ಯುರೇಟರ್ ಎಂಜಿನ್, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ), ಕಂಪ್ರೆಷನ್ ಅನುಪಾತ 8.5:1. ಏರು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ 1,500ರಿಂದ 2,000 ಆರ್‌ಪಿಎಂ ನಡುವೆ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು. ಮೂರನೇ ಗೇರಿಗೆ ಇಳಿಸಿದರೆ ಸದ್ದಿಲ್ಲ. 95 ಆಕ್ಟೇನ್ ತುಂಬಿಸಿದರೆ ಮುಕ್ಕಾಲು ಪಾಲು ಅಡಗುತ್ತದೆ. ಕೈಪಿಡಿ ಮಾತ್ರ 91 ಸಾಕು ಎನ್ನುತ್ತದೆ. ಟೈಮಿಂಗ್ ಲೈಟ್ ಹಿಡಿದು ನೋಡಿದ್ದೇನೆ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದಾಗ) ಟೈಮಿಂಗ್, ಅಂದರೆ ಪಿಸ್ಟನ್ ಮೇಲ್ತುದಿ ತಲುಪುವ ಮುನ್ನ ಸ್ಪಾರ್ಕ್ ಹಾರುವ ಹೊತ್ತು, ಸರಿಯಾಗಿ 10 ಡಿಗ್ರಿ ಇದೆ. ಎಂಜಿನ್ ಹಳತಾದಂತೆ ಹೆಚ್ಚಿನ ಆಕ್ಟೇನ್ ಬೇಕಾಗುತ್ತದೆಯೇ? 95 ಹಾಕುವುದೇ ಆದರೆ ಟೈಮಿಂಗ್ ಇನ್ನಷ್ಟು ಮುಂದಕ್ಕೆ ತಂದು ಪಿಕಪ್ ಗಳಿಸಬಹುದೇ?

ಪಾಯಿಂಟ್‌ಗ್ಯಾಪ್:
ಪಿಕಪ್ ಮಾತು ಆಮೇಲೆ. ಸದ್ದು ಮಾಡುತ್ತಿರುವ ಎಂಜಿನ್‌ನಲ್ಲಿ ಟೈಮಿಂಗ್ ಮುಂದಕ್ಕೆ ತರುವ ಯೋಚನೆಯನ್ನೇ ಮಾಡಬೇಡಿ.

ಆಕ್ಟೇನ್ ಹೆಚ್ಚಿದರೆ ಪೆಟ್ರೋಲಿನ ಶಕ್ತಿ ಹೆಚ್ಚುವುದಿಲ್ಲ. ಒತ್ತಡವೂ ಬಿಸಿಯೂ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ ಹೆಚ್ಚುತ್ತದೆ, ಅಷ್ಟೇ. ಸ್ಪಾರ್ಕಿನಿಂದ ಹೊರಟ ಜ್ವಾಲೆ ಚೇಂಬರಿನ ಇನ್ನೊಂದು ಅಂಚನ್ನು ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಒಮ್ಮೆಲೇ ಸಿಡಿದರೆ ನೀವು ಕೇಳುತ್ತಿರುವ ಸದ್ದು ಬರುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. 91ಕ್ಕೆಂದು ಕಟ್ಟಿದ ಎಂಜಿನ್ 95 ಕೇಳುತ್ತಿದೆ ಎಂದರೆ ಒಳಗೆ ಏನೋ ಬದಲಾಗಿದೆ.

ಹಳತಾಗುವುದಕ್ಕೂ ಇದಕ್ಕೂ ಸಂಬಂಧ ಇದೆ. ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿ ಜಾಗ ಕಿರಿದಾಗುತ್ತದೆ, ಬಿಸಿಯೂ ಹೊರಹೋಗುವುದಿಲ್ಲ. ಬೇಕಾಗುವ ಆಕ್ಟೇನ್ ಕೆಲವು ಅಂಕ ಏರುತ್ತದೆ. ರಿಂಗ್, ವಾಲ್ವ್ ಸವೆದು ಕಂಪ್ರೆಷನ್ ಇಳಿದಿದ್ದರೆ ಬೇಡಿಕೆ ಇಳಿಯಲೂಬಹುದು. ಆದರೆ ಆಯಿಲ್ ಚೇಂಬರಿಗೆ ನುಗ್ಗುತ್ತಿದ್ದರೆ ಅದು ಮಿಶ್ರಣದ ಆಕ್ಟೇನನ್ನೇ ಕೆಡಿಸುತ್ತದೆ. ಆದ್ದರಿಂದ ಹಳೆಯ ಎಂಜಿನ್‌ಗೆಲ್ಲ ದುಬಾರಿ ಪೆಟ್ರೋಲ್ ಒಳ್ಳೆಯದು ಎಂಬ ಮಾತಿಗೆ ಹುರುಳಿಲ್ಲ.

ಕೈಪಿಡಿಯ 91 ಯಾವ ಅಳತೆಯದು ಎಂಬುದನ್ನೂ ನೋಡಿ. ಆಕ್ಟೇನ್ ಅಳೆಯಲು ಆರ್‌ಒಎನ್, ಎಂಒಎನ್ ಎಂಬ ಎರಡು ಪರೀಕ್ಷೆಗಳಿವೆ. ಕೆಲವು ದೇಶಗಳಲ್ಲಿ ಇವೆರಡರ ಸರಾಸರಿಯನ್ನು ಬರೆಯುತ್ತಾರೆ; ಆ ಲೆಕ್ಕದ 87 ಎಂದರೆ ಸುಮಾರು 91 ಆರ್‌ಒಎನ್. ನಿಮ್ಮ ಕೈಪಿಡಿಯ 91 ಸರಾಸರಿಯಾಗಿದ್ದರೆ ಎಂಜಿನ್‌ಗೆ 95 ಬೇಕೇ ಬೇಕು, ಹುಡುಕಾಟ ಅಲ್ಲಿಗೇ ಮುಗಿಯಿತು.

ಇಲ್ಲವಾದರೆ ಮೊದಲು ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಸ್ವಿಚ್ಚಿನ ಸಂದು) ಸರಿಮಾಡಿ. ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ತಿರುಗಿಸಿದರೆ ಗ್ಯಾಪ್ ಬದಲಾಗುವುದಿಲ್ಲ. ಅದಕ್ಕೇ ಈ ಕ್ರಮ. ನಂತರ ಟೈಮಿಂಗ್ ಅಳೆಯಲು ಬಳಸುವ, ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತು ನಂಬಬಹುದೇ ನೋಡಿ. ಹೊರ ಬಳೆ ರಬ್ಬರಿನ ಮೇಲೆ ಕೂತ ಮಾದರಿಯಾದರೆ ಅದು ಜಾರಿರುವ ಸಾಧ್ಯತೆ ಇದೆ. ಒಂದನೇ ಸಿಲಿಂಡರಿನ ಪ್ಲಗ್ ಜಾಗಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ತಡೆದು ನಿಲ್ಲಿಸುವ ಉಪಕರಣ) ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡೂ ದಿಕ್ಕಿಗೆ ತಿರುಗಿಸಿ, ಅದು ನಿಂತ ಎರಡು ಜಾಗಗಳ ನಟ್ಟನಡುವೆ ನಿಜವಾದ ಟಿಡಿಸಿ (ಪಿಸ್ಟನ್ ಮೇಲ್ತುದಿಗೆ ಬರುವ ಬಿಂದು). ಕೊನೆಗೆ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದ ಒತ್ತಡದಿಂದ ಟೈಮಿಂಗ್ ಬದಲಿಸುವ ವ್ಯವಸ್ಥೆ) ಪೈಪ್ ಕಳಚಿ ಬಾಯಿ ಮುಚ್ಚಿ, ಐಡಲ್‌ನಿಂದ 3,000ದವರೆಗೆ ಟೈಮಿಂಗ್ ಬರೆದುಕೊಳ್ಳಿ. ಐಡಲ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ.

ಪ್ಲಗ್‌ಗಳನ್ನೂ ಬಿಚ್ಚಿ. ಪಿಂಗಾಣಿಯ ಮೇಲೆ ಸಣ್ಣ ಕಪ್ಪು ಚುಕ್ಕೆ ಇದ್ದರೆ ನಾಕಿಂಗ್ ಖಚಿತ. ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಗಾಡಿ ನಿಲ್ಲಿಸಿಬಿಡಿ, ಕರಗುತ್ತಿರುವುದು ಪಿಸ್ಟನ್.

ಚೋಕ್:
ಪೆಟ್ರೋಲಿನಲ್ಲಿರುವ ಎಥನಾಲ್ ಮರೆಯಬೇಡಿ. ಅದು ಆಕ್ಟೇನ್ ಏರಿಸುತ್ತದೆ ನಿಜ, ಆದರೆ ತನ್ನೊಳಗೇ ಆಮ್ಲಜನಕ ತರುವುದರಿಂದ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ತೆಳು ಮಿಶ್ರಣವೂ ನಾಕಿಂಗ್‌ಗೆ ದಾರಿ ಮಾಡುತ್ತದೆ. ಬರೀ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕು. ಶೇ 10 ಎಥನಾಲ್ ಬೆರೆತಿದ್ದರೆ ಸುಮಾರು 14.1 ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ, ಕಾರ್ಬ್ಯುರೇಟರಿನ ಜೆಟ್‌ಗೆ (ಪೆಟ್ರೋಲ್ ಅಳೆದು ಬಿಡುವ ತೂತಿಗೆ) ಇದು ತಿಳಿಯುವುದಿಲ್ಲ. ಮಿಶ್ರಣ ಇನ್ನಷ್ಟು ತೆಳುವಾಗಿಸಬಲ್ಲ ಫ್ಲೋಟ್ ಮಟ್ಟ (ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಮಟ್ಟ) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಮ್ಮೆ ಪರೀಕ್ಷಿಸಿ.

ಹಳೆಬಂಡಿ:
ಕೈಪಿಡಿಯಲ್ಲಿ ಆರ್‌ಒಎನ್ ಎಂದೇ ಇದೆ. ಪುಲ್ಲಿಯ ಗುರುತು ಸರಿಯಾಗಿದೆ, ಗ್ಯಾಸ್ಕೆಟ್ ಸೋರುತ್ತಿಲ್ಲ. ಎರಡು ಪ್ಲಗ್‌ಗಳಲ್ಲಿ ಕಪ್ಪು ಚುಕ್ಕೆ ಇದೆ, ಅಲ್ಯೂಮಿನಿಯಂ ಇಲ್ಲ. ಟೈಮಿಂಗ್ ಹೀಗಿದೆ: 800ರಲ್ಲಿ 10, 1,500ರಲ್ಲಿ 24, 2,000ದಲ್ಲಿ 30, 3,000ದಲ್ಲಿ 32 ಡಿಗ್ರಿ. ಕೈಪಿಡಿಯ ಪ್ರಕಾರ 1,500ರಲ್ಲಿ 14, 2,000ದಲ್ಲಿ 20, 3,000ದಲ್ಲಿ 32 ಇರಬೇಕು.

ಪಾಯಿಂಟ್‌ಗ್ಯಾಪ್:
ಸಿಕ್ಕಿಬಿತ್ತು. ಮೊದಲೂ ಸರಿ, ಕೊನೆಯೂ ಸರಿ, ನಡುವೆ ಹತ್ತು ಡಿಗ್ರಿ ಅವಸರ. ಐಡಲ್‌ನಲ್ಲಿ ಮಾತ್ರ ನೋಡಿದರೆ ಈ ದೋಷ ಜನ್ಮದಲ್ಲಿ ಸಿಗುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬಾ ಮಿಶ್ರಣ ಇರುತ್ತದೆ, ಅದು ಬಿಸಿಯಲ್ಲಿ ಕಾಯುವ ಸಮಯವೂ ಹೆಚ್ಚು. ಮೂರನೇ ಗೇರಿಗೆ ಇಳಿಸಿದಾಗ ಸದ್ದು ನಿಲ್ಲುವುದು ಅದಕ್ಕೇ.

ಡಿಸ್ಟ್ರಿಬ್ಯೂಟರಿನ ತಟ್ಟೆಯ ಕೆಳಗೆ ಎರಡು ತೂಕಗಳು, ಎರಡು ಸ್ಪ್ರಿಂಗ್‌ಗಳು ಇರುತ್ತವೆ. ವೇಗ ಏರಿದಂತೆ ತೂಕಗಳು ಹೊರಕ್ಕೆ ಸರಿದು ಟೈಮಿಂಗ್ ಮುಂದಕ್ಕೆ ತರುತ್ತವೆ, ಸ್ಪ್ರಿಂಗ್‌ಗಳು ಅವನ್ನು ತಡೆದು ಹಿಡಿಯುತ್ತವೆ. ಒಂದು ಸ್ಪ್ರಿಂಗ್ ಸೋತಿರಬೇಕು ಅಥವಾ ಕಳಚಿರಬೇಕು. ಎಚ್ಚರ: ಅನೇಕ ಮಾದರಿಗಳಲ್ಲಿ ದಪ್ಪ ಸ್ಪ್ರಿಂಗಿನ ಕೊಂಡಿ ಬೇಕೆಂದೇ ಉದ್ದವಾಗಿ, ಸಡಿಲವಾಗಿ ಇರುತ್ತದೆ, ವೇಗ ಏರಿದ ಮೇಲಷ್ಟೇ ಅದು ಹಿಡಿಯಬೇಕು. ಸಡಿಲವಿದೆ ಎಂದು ಅದನ್ನು ಬಗ್ಗಿಸಲು ಹೋಗಬೇಡಿ. ಸ್ಪೋರ್ಟ್ಸ್ ಕಿಟ್ ಎಂದು ಮಾರುವ ಮೆದು ಸ್ಪ್ರಿಂಗ್‌ಗಳೂ ಬೇಡ, ಈಗಿರುವ ತೊಂದರೆಯನ್ನೇ ಹೊಸದಾಗಿ ಕೊಂಡುತಂದಂತಾಗುತ್ತದೆ. ಬಿಚ್ಚುವ ಮುನ್ನ ರೋಟರ್ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ಕೈ) ಯಾವ ಕಡೆಗಿದೆ ಎಂದು ಗುರುತು ಹಾಕಿಕೊಳ್ಳಿ.

ಹಳೆಬಂಡಿ:
ತೆಳು ಸ್ಪ್ರಿಂಗಿನ ಒಂದು ಕೊಂಡಿ ಬಿಚ್ಚಿಕೊಂಡು ಗೂಟದಿಂದ ಜಾರಿತ್ತು. ಅದೇ ಅಳತೆಯ ಹೊಸದನ್ನು ಹಾಕಿದೆ, ಈಗ 1,500ರಲ್ಲಿ 15 ಡಿಗ್ರಿ. ಅದೇ ಏರಿನಲ್ಲಿ 91ರಲ್ಲೇ ಸದ್ದಿಲ್ಲದೆ ಹತ್ತಿತು. 95 ಹಾಕಿ ನೋಡಿದರೆ ಎಳೆತದಲ್ಲಿ ಏನೂ ವ್ಯತ್ಯಾಸವಿಲ್ಲ. ಈಗಲಾದರೂ ಪಿಕಪ್ ಮಾತಾಡೋಣವೇ?

ಪಾಯಿಂಟ್‌ಗ್ಯಾಪ್:
ಆಗಲಿ. 95 ತುಂಬಿಸಿ ಟೈಮಿಂಗ್ 2 ಡಿಗ್ರಿ ಮುಂದಕ್ಕೆ ತನ್ನಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ಗೇರಿನಲ್ಲಿ ಎರಡು ಗೊತ್ತಾದ ವೇಗಗಳ ನಡುವೆ ಎಷ್ಟು ಸೆಕೆಂಡ್ ಬೇಕು ಎಂದು ಮೊದಲೂ ಆಮೇಲೂ ಅಳೆಯಿರಿ. ಸಮಯ ಇಳಿಯದಿದ್ದರೆ ಹಿಂದಕ್ಕೆ ತಿರುಗಿಸಿಬಿಡಿ. ಪ್ರತಿ ಎಂಜಿನ್‌ಗೂ ಅತಿ ಹೆಚ್ಚು ಬಲ ಕೊಡುವ ಒಂದು ಟೈಮಿಂಗ್ ಇರುತ್ತದೆ, ಅದನ್ನು ದಾಟಿದರೆ ಬಲ ಇಳಿಯುತ್ತದೆ. 8.5:1ರಂಥ ಎಂಜಿನ್‌ಗಳಲ್ಲಿ ನಾಕಿಂಗ್ ಶುರುವಾಗುವ ಮೊದಲೇ ಆ ಬಿಂದು ಬಂದುಬಿಡುವುದು ಸಾಮಾನ್ಯ. ಅಂಥಲ್ಲಿ ಆಕ್ಟೇನ್ ಹೆಚ್ಚಿಸಿ ಸಿಗುವುದೇನೂ ಇಲ್ಲ. ಸದ್ದು ಕೇಳಿಸದು ಎಂದು ಇನ್ನೂ ಮುಂದಕ್ಕೆ ಹೋಗಬೇಡಿ. 4,000 ದಾಟಿದ ಮೇಲೆ ಎಂಜಿನ್ ಗದ್ದಲದಲ್ಲಿ ನಾಕಿಂಗ್ ಕಿವಿಗೆ ಬೀಳುವುದಿಲ್ಲ, ಪಿಸ್ಟನ್ ತೂತಾಗುವುದು ಅಲ್ಲೇ.

ಕೆಂಪುಸೂಜಿ:
ಏನೂ ಸಿಗುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನನ್ನದೂ ಹಳೆಯ ಗಾಡಿಯೇ, ಆದರೆ ಇಂಜೆಕ್ಷನ್, 10.5:1, ನಾಕ್ ಸೆನ್ಸರ್ ಇದೆ. 95ರಲ್ಲಿ ಏರು ಹತ್ತುವುದು ಸ್ಪಷ್ಟವಾಗಿ ಹಗುರ.

ಪಾಯಿಂಟ್‌ಗ್ಯಾಪ್:
ನಿಮ್ಮ ಗಾಡಿಯ ಮಟ್ಟಿಗೆ ನೀವು ಹೇಳುವುದು ಸರಿ. 91ರಲ್ಲಿ ಸೆನ್ಸರ್ ನಾಕಿಂಗ್ ಹಿಡಿದು ಕಂಪ್ಯೂಟರ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. 95 ಹಾಕಿದಾಗ ಕಳೆದದ್ದು ಮರಳುತ್ತದೆ. ಹಳೆಯ ಟರ್ಬೊ ಎಂಜಿನ್‌ಗಳಿಗೂ ಇದು ಅನ್ವಯಿಸುತ್ತದೆ. ಆದರೆ ಕಂಪ್ಯೂಟರಿನಲ್ಲಿ ಬರೆದಿಟ್ಟ ಮಿತಿಯಿಂದಾಚೆ ಟೈಮಿಂಗ್ ಮುಂದೆ ಹೋಗುವುದಿಲ್ಲ.

ಚೋಕ್:
ವಾಲ್ವ್ ಸೀಟಿನ (ವಾಲ್ವ್ ಮುಚ್ಚಿದಾಗ ಕೂರುವ ಅಂಚಿನ) ರಕ್ಷಣೆಗೆಂದು 95 ಹಾಕುವವರೂ ಇದ್ದಾರೆ. ಅದು ಸೀಸದ ಕಾಲದ ಗೊಂದಲ. 1921ರಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ನಾಕಿಂಗ್ ತಡೆಯಲೆಂದು ಗುರುತಿಸಿದ ಟೆಟ್ರಾಈಥೈಲ್ ಲೆಡ್ ವಾಲ್ವ್ ಸೀಟನ್ನೂ ಸವೆಯದಂತೆ ಕಾಯುತ್ತಿತ್ತು. ಸೀಸವಿಲ್ಲದ ಪೆಟ್ರೋಲಿನ ಆಕ್ಟೇನ್ ಎಷ್ಟೇ ಇದ್ದರೂ ಆ ಕೆಲಸ ಮಾಡುವುದಿಲ್ಲ. ಗಟ್ಟಿ ಉಕ್ಕಿನ ಸೀಟ್ ಕೂರಿಸುವುದೇ ದಾರಿ.

ಅಂದಹಾಗೆ ನನ್ನ ಗಾಡಿ ಕೀ ತಿರುಗಿಸಿ ಆರಿಸಿದ ಮೇಲೂ ನಾಲ್ಕೈದು ಸಲ ಒದ್ದಾಡಿ ನಿಲ್ಲುತ್ತದೆ. ಇದೂ ಆಕ್ಟೇನ್ ಸಮಸ್ಯೆಯೇ?

ಪಾಯಿಂಟ್‌ಗ್ಯಾಪ್:
ಇದು ನಾಕಿಂಗ್ ಅಲ್ಲ. ಸ್ಪಾರ್ಕ್ ನಿಂತ ಮೇಲೂ ಕೆಂಡವಾದ ಕಾರ್ಬನ್ನೋ ಪ್ಲಗ್ಗೋ ಮಿಶ್ರಣವನ್ನು ಹೊತ್ತಿಸುತ್ತಿರುತ್ತದೆ. ಐಡಲ್ ಹೆಚ್ಚಿದ್ದರೆ ಥ್ರಾಟಲ್ ಸಂದಿಯಿಂದ ಪೆಟ್ರೋಲ್ ಬರುತ್ತಲೇ ಇರುತ್ತದೆ. ಮೊದಲು ಐಡಲ್ ಇಳಿಸಿ, ಕಾರ್ಬ್ಯುರೇಟರಿನಲ್ಲಿ ಐಡಲ್ ಕಟ್-ಆಫ್ ಸೊಲೆನಾಯ್ಡ್ (ಕೀ ಆರಿಸಿದಾಗ ಐಡಲ್ ಪೆಟ್ರೋಲ್ ನಿಲ್ಲಿಸುವ ವಿದ್ಯುತ್ ವಾಲ್ವ್) ಇದ್ದರೆ ಕೀ ಆನ್ ಮಾಡಿದಾಗ ಅದು ಟಿಕ್ ಎನ್ನುತ್ತದೆಯೇ ಕೇಳಿ. ಈಗ ಎಷ್ಟು ಆರ್‌ಪಿಎಂ ಇದೆ?