ಕಾಣೆಯಾದವರ ಬೆನ್ನು ಹತ್ತೋದು ಚಟವಾ?

ವಿದ್ಯಾನಗರದವನು: ದಾವಣಗೆರೇಲಿ ಹೈಸ್ಕೂಲು ಓದೋವಾಗಿಂದ, ಅಂದ್ರೆ 1993ರಿಂದ, ಪೇಪರಿನ ‘ಕಾಣೆಯಾಗಿದ್ದಾರೆ’ ಪ್ರಕಟಣೆ ಕತ್ತರಿಸಿ ಇಡ್ತಾ ಬಂದಿದ್ದೀನಿ. ‘ಕೋಲು ಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ.’ ಇಷ್ಟು ಓದಿದ್ರೆ ಸಾಕು, ಆ ಮನುಷ್ಯ ಯಾವ ಬಸ್ ಹತ್ತಿರಬಹುದು ಅಂತ ರಾತ್ರಿ ನಿದ್ದೆ ಹತ್ತಲ್ಲ. ಎಂಎಚ್370 ವಿಮಾನದ್ದೂ ಹಾಗೇ. 2014ರ ಮಾರ್ಚ್ 8ಕ್ಕೆ ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟ 239 ಜನ. ಮಾರನೇ ವರ್ಷ ರೆಕ್ಕೆಯ ಒಂದು ತುಂಡು ರಿಯೂನಿಯನ್ ದ್ವೀಪದ ದಡಕ್ಕೆ ತೇಲಿ ಬಂತು. 2018ರ ಅಧಿಕೃತ ವರದಿ ಕೂಡ ಕಾರಣ ಹೇಳೋಕಾಗದೆ ಕೈಚೆಲ್ತು. ನಮ್ಮ ದುರ್ಗದ ಓಬವ್ವ ಕೊನೆಗೆ ಹೇಗೆ ಸತ್ತಳು ಅನ್ನೋದೂ ನನ್ನ ಪಟ್ಟೀಲಿದೆ. ಮನೇಲಿ ಇದನ್ನ ಚಟ ಅಂತಾರೆ, ನಾನು ಒಪ್ಪಲ್ಲ. ಬಗೆಹರಿಯದ ಕಥೆಗಳನ್ನ ಯಾರಾದ್ರೂ ನೆನಪಿಟ್ಕೊಳ್ಳಲೇಬೇಕು. ನೀವೇನಂತೀರಿ?

ಹರಿಹರ ಹೊಳೆದಂಡೆ: ‘ಕಥೆ’ ಅಂದ್ರಲ್ಲ, ಅಲ್ಲೇ ನಿಮ್ಮ ತಪ್ಪಿರೋದು. ಹೋದವರ ಮನೆಯವರಿಗೆ ಅದು ಕಥೆ ಅಲ್ಲ. ನಿಮಗೆ ನಿದ್ದೆ ಕೆಡೋದು ಒಂದು ರಾತ್ರಿ, ಅವರಿಗೆ ದಿನಾ.

ಕೋಟೆ ಕೆಳಗಿನ ಮನೆ: ‘ಸತ್ತಳು’ ಅಂತ ಬರೀತೀರಲ್ರೀ, ಓಬವ್ವ ನಿಮ್ಮನೆ ಪಕ್ಕದೋಳಾ? ವೀರಮರಣ ಅನ್ನಿ. ಅದರಲ್ಲಿ ನಿಗೂಢ ಏನೂ ಇಲ್ಲ. ಕಿಂಡೀಲಿ ತೂರಿ ಬಂದ ಒಬ್ಬೊಬ್ಬನ ತಲೆಗೂ ಒನಕೆ ಏಟು ಹಾಕಿದ್ಲು, ಕೊನೆಗೆ ಒಬ್ಬ ಹಿಂದಿನಿಂದ ಬಂದು ಇರಿದ. ಚಿತ್ರದುರ್ಗದಲ್ಲಿ ಮಕ್ಕಳಿಗೂ ಗೊತ್ತು.

ವಿದ್ಯಾನಗರದವನು: ಏಕವಚನ ಪ್ರೀತಿಗೆ ಬಂದಿದ್ದು, ನೀವೂ ‘ಹಾಕಿದ್ಲು’ ಅಂತಲೇ ಬರೆದಿದ್ದೀರಿ. ನನ್ನ ಪ್ರಶ್ನೆ ಬೇರೆ ಇತ್ತು.

ಹಳೇ ಮೇಷ್ಟ್ರು: ‘ಇರಿದ’ ಅಂತ ಇಷ್ಟು ಖಚಿತವಾಗಿ ಹೇಳ್ತೀರಲ್ಲ, ಯಾರು ನೋಡಿದ್ರು? ಗಂಡ ಮುದ್ದ ಹನುಮ ಊಟ ಮುಗಿಸಿ ಬಂದು ಕಹಳೆ ಊದಿದ. ಶತ್ರು ಇರಿದ ಅಂತ ಕೆಲವರು ಹೇಳ್ತಾರೆ, ಅಷ್ಟು ಹೆಣ ನೋಡಿ ಎದೆ ಒಡೆದು ಹೋಯ್ತು ಅಂತ ಕೆಲವರು. ಎರಡೂ ಬಾಯಿಮಾತು. 1779ರಲ್ಲಿ ಹೈದರಾಲಿ ದುರ್ಗ ಹಿಡಿದು ಮದಕರಿ ನಾಯಕರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿದ್ದು ಬರಹದಲ್ಲಿದೆ. ಒನಕೆ ಏಟಿಗೆ ಆ ಕಾಲದ ಒಂದು ಬರಹ ತೋರಿಸಿ.

ಕೋಟೆ ಕೆಳಗಿನ ಮನೆ: ಬಾಯಿಮಾತಾ? ಜಿಲ್ಲಾ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡ್ತಿದೆ. ಇನ್ನೇನು ಬೇಕು ನಿಮಗೆ?

ಹಳೇ ಮೇಷ್ಟ್ರು: ಜಯಂತಿ ಗೌರವ, ಸಾಕ್ಷಿ ಅಲ್ಲ. ನಾನೂ ಕೈ ಮುಗಿಯೋನೇ. ಆದ್ರೆ ಕೈ ಮುಗಿಯೋದಕ್ಕೂ ಇತಿಹಾಸಕ್ಕೂ ವ್ಯತ್ಯಾಸ ಇದೆ.

ಜಗಳೂರು ಹುಡುಗಿ: ‘ಆ ಕಾಲದ ಬರಹ’ ಕೇಳ್ತೀರಲ್ಲ ಸರ್, ಕಾವಲುಗಾರನ ಹೆಂಡ್ತಿಗೋಸ್ಕರ ಯಾರು ಬಂಡೆ ಕೊರೆಸ್ತಾರೆ? ಬರೆಸಿದೋರು ದೊರೆಗಳು, ಬರೆಸಿಕೊಂಡೋರೂ ದೊರೆಗಳೇ. ನಾನು ಕಿಂಡಿ ಒಳಗೆ ಇಳಿದು ನೋಡಿದ್ದೀನಿ. ಮೊದಲು ಒಂದು ಭುಜ ತೂರಿಸ್ಬೇಕು, ಆಮೇಲೆ ತಲೆ ಬಗ್ಗಿಸಿ ಇನ್ನೊಂದು ಭುಜ ಎಳ್ಕೋಬೇಕು. ಕೈ ಬಂಡೆಗೆ ಒತ್ತಿರುತ್ತೆ, ಕತ್ತಿ ಎತ್ತೋಕೆ ಜಾಗ ಇಲ್ಲ. ಹೊರಗೆ ನಿಂತೋಳಿಗೆ ಮೊದಲು ಕಾಣೋದೇ ಬಗ್ಗಿದ ನೆತ್ತಿ. ಒನಕೆ ಏಟು ಅಲ್ಲಿ ಸಾಧ್ಯ ಅನ್ನೋಕೆ ನನಗೆ ಕಾಗದ ಬೇಡ.

ಹಳೇ ಮೇಷ್ಟ್ರು: ಬಂಡೆ ವಿಷಯ ತೆಗೆದಿದ್ದೀರಿ, ಕೇಳಿ. ಚಂದ್ರವಳ್ಳಿಯ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಮಯೂರಶರ್ಮನ ಶಾಸನ ಇದೆ. ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅದನ್ನ ಒಂದು ಥರ ಓದಿದ್ರು, ನಂತರದ ವಿದ್ವಾಂಸರು ಬೇರೆ ಥರ ಓದಿದ್ರು. ಕಲ್ಲಲ್ಲಿ ಕೊರೆದ ಅಕ್ಷರಕ್ಕೇ ಈ ಗತಿ. ಬಾಯಿಂದ ಬಾಯಿಗೆ ಬಂದಿದ್ದು ಎಷ್ಟು ತಿರುಗಿರಬೇಡ?

ಜಗಳೂರು ಹುಡುಗಿ: ಹಾಗಾದ್ರೆ ಕಲ್ಲೂ ನಂಬೋ ಹಾಗಿಲ್ಲ ಅಂತ ನೀವೇ ಹೇಳಿದ ಹಾಗಾಯ್ತು. ಮತ್ತೆ ಬರಹ ಯಾಕೆ ಕೇಳ್ತೀರಿ?

ಹಳೇ ಮೇಷ್ಟ್ರು: ನಾನು ಹೇಳಿದ್ದು ಅದಲ್ಲ.

ಕೋಟೆ ಕೆಳಗಿನ ಮನೆ: ಅದೇ ಹೇಳಿದ್ದು. ದುರ್ಗದ ಅನ್ನ ಉಂಡು ದುರ್ಗದ ಹೆಣ್ಣುಮಗಳನ್ನ ಸುಳ್ಳು ಅಂತಿದ್ದೀರಿ. ನಾಚಿಕೆ ಆಗ್ಬೇಕು!

ಹಳೇ ಮೇಷ್ಟ್ರು: ‘ಸುಳ್ಳು’ ಅನ್ನೋ ಪದ ನಾನು ಎಲ್ಲಿ ಬಳಸಿದ್ದೀನಿ, ತೋರಿಸಿ. ಮೂವತ್ತು ವರ್ಷ ಇದೇ ಊರಲ್ಲಿ ಪಾಠ ಮಾಡಿದ್ದೀನಿ. ಪ್ರತಿ ವರ್ಷ ಮಕ್ಕಳನ್ನ ಅದೇ ಕಿಂಡಿ ಹತ್ತಿರ ನಿಲ್ಲಿಸಿದ್ದೀನಿ.

ಹರಿಹರ ಹೊಳೆದಂಡೆ: ಇನ್ನೂರು ವರ್ಷದ ಹಿಂದಿನ ಸಾವಿಗೆ ಇಷ್ಟು ಜಗಳ. ನಮ್ಮ ದೊಡ್ಡಪ್ಪ 1996ರ ಜೂನ್‌ನಲ್ಲಿ ಹೋದೋನು. ಕೆಲಸ ಮಾಡ್ತಿದ್ದ ಗಿರಣಿ ಮುಚ್ಚಿತ್ತು. ಬೆಳಿಗ್ಗೆ ಎದ್ದು ಅಂಗಿ ಹಾಕ್ಕೊಂಡ, ಚಪ್ಪಲಿ ಮನೇಲೇ ಬಿಟ್ಟ. ಠಾಣೇಲಿ ಗುರುತು ಕೇಳಿದ್ರು. ಹುಬ್ಬಿನ ಮೇಲೆ ಗಾಯದ ಕಲೆ ಇತ್ತು. ಎಡಹುಬ್ಬು ಅಂದ್ಲು ಅಮ್ಮ, ಬಲಹುಬ್ಬು ಅಂದ್ರು ಅಪ್ಪ. ಇಪ್ಪತ್ತು ವರ್ಷ ಒಂದೇ ಮನೇಲಿ ಉಂಡೋರು. ಅಲ್ಲೇ ಬೆಂಚಿನ ಮೇಲೆ ಇಬ್ಬರಿಗೂ ಜಗಳ ಆಯ್ತು. ಯಾವ ಬಸ್ ಹತ್ತಿರಬಹುದು ಅಂತ ನೀವು ಹಾಸಿಗೇಲಿ ಮಲಗಿ ಯೋಚಿಸ್ತೀರಿ. ನಮ್ಮಪ್ಪ ಹುಬ್ಬಳ್ಳಿ ತನಕ ಪ್ರತಿ ಬಸ್ ಸ್ಟ್ಯಾಂಡ್ ಇಳಿದು ಹುಡುಕಿದ್ರು.

ಕೋರ್ಟ್ ರಸ್ತೆ: 1996 ಅಂದ್ರೆ ಯಾವಾಗಲೋ ಮುಗಿದಿದೆ. ಏಳು ವರ್ಷ ಸುದ್ದಿ ಇಲ್ಲದಿದ್ರೆ ಸತ್ತ ಹಾಗೆ ಅಂತ ಸಾಕ್ಷ್ಯ ಕಾಯ್ದೆಯ 108ನೇ ಕಲಂನಲ್ಲೇ ಇತ್ತು.

ಹರಿಹರ ಹೊಳೆದಂಡೆ: ‘ಮುಗಿದಿದೆ’ ಅಂತ ಹೇಳೋಕೆ ನೀವ್ಯಾರು? ದೊಡ್ಡಮ್ಮ ಇವತ್ತಿಗೂ ಕುಂಕುಮ ಇಡ್ತಾಳೆ. ಹೋಗಿ ಅವಳ ಮುಂದೆ ನಿಮ್ಮ ಕಲಂ ಓದಿ.

ಕೋರ್ಟ್ ರಸ್ತೆ: ಕಾನೂನು ಹೇಳಿದೆ, ಮನಸ್ಸು ನೋಯಿಸೋಕಲ್ಲ. ಸತ್ತ ಅಂತ ಊಹೆ ಮಾಡಬಹುದು, ಯಾವತ್ತು ಸತ್ತ ಅಂತ ಊಹಿಸೋ ಹಾಗಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ. ದಿನಾಂಕ ಬೇಕಂದ್ರೆ ಬೇರೆ ಸಾಕ್ಷಿ ಕೊಡ್ಬೇಕು.

ಹಳೇ ಮೇಷ್ಟ್ರು: ನೋಡಿ, ಕೋರ್ಟೂ ಸಾಕ್ಷಿ ಕೇಳುತ್ತೆ. ನಾನು ಕೇಳಿದ್ದೂ ಅಷ್ಟೇ.

ಕೋಟೆ ಕೆಳಗಿನ ಮನೆ: ಓಬವ್ವನ್ನ ಕೋರ್ಟಿಗೆ ಎಳೀಬೇಡಿ!

ಜಗಳೂರು ಹುಡುಗಿ: ಇಲ್ಲಿ ಒಬ್ಬರು ದೊಡ್ಡಪ್ಪನ ವಿಷಯ ಹೇಳ್ತಿದ್ದಾರೆ. ಇಬ್ಬರೂ ಸ್ವಲ್ಪ ಸುಮ್ನಿರಿ.

ವಿದ್ಯಾನಗರದವನು: ಹೊಳೆದಂಡೆಯವರೇ, ಹಾಸಿಗೇಲಿ ಮಲಗಿ ಯೋಚಿಸ್ತೀನಿ, ನಿಜ. ಆದ್ರೆ ಯೋಚಿಸದೇ ಪುಟ ತಿರುಗಿಸೋರಿಗಿಂತ ನಾನು ಕೆಟ್ಟೋನಾ? ಕತ್ತರಿಸಿದ್ದರಲ್ಲಿ ಒಂದನ್ನೂ ಬಿಸಾಡಿಲ್ಲ. ಅಟ್ಟದ ಮೇಲೆ ಎರಡು ಟ್ರಂಕ್ ಇದೆ.

ಹರಿಹರ ಹೊಳೆದಂಡೆ: ನೀವು ಮಾಡ್ತಿರೋದು ಸರಿ ಅಂತ ನಾನು ಈಗಲೂ ಒಪ್ಪಲ್ಲ. ಆದ್ರೆ ಟ್ರಂಕಿನಲ್ಲಿ 1996ರ ಜೂನ್ ಕೊನೇ ವಾರದ್ದು ಇದ್ರೆ ನೋಡಿ. ದಾವಣಗೆರೆ ಗಿರಣಿ ಕಾರ್ಮಿಕ, ವಯಸ್ಸು 48, ದುಂಡು ಮುಖ. ನಮ್ಮ ಹತ್ತಿರ ಇದ್ದ ಪೇಪರಿನ ತುಂಡು ಮನೆ ಬದಲಾಯಿಸುವಾಗ ಕಳೆದುಹೋಯ್ತು. ಅದರಲ್ಲಿ ಎಡಹುಬ್ಬು ಅಂತ ಹಾಕಿದಾರೋ ಬಲಹುಬ್ಬು ಅಂತಲೋ, ಅಷ್ಟು ಹೇಳಿ.