ಮದುವಿ ಫೋಟೋಗ್ರಾಫರ್ ಯಾವ ಖರ್ಚು ಟ್ಯಾಕ್ಸ್‌ನ್ಯಾಗ ತೋರಸಬಹುದು?

ಪ್ರಶ್ನೆ: ಹುಬ್ಬಳ್ಳ್ಯಾಗ ಸ್ವಂತ ಮದುವಿ ಫೋಟೋಗ್ರಫಿ ಮಾಡ್ತೀನ್ರಿ, ಗದಗ, ಹಾವೇರಿ ತನಕಾ ಆರ್ಡರ್ ಇರ್ತಾವು. ಕ್ಯಾಮೆರಾ, ಲ್ಯಾಪ್‌ಟಾಪ್, ಪೆಟ್ರೋಲ್, ಆಲ್ಬಮ್ ಪ್ರಿಂಟಿಂಗ್ ಎಲ್ಲಾ ಖರ್ಚಿನ್ಯಾಗ ಹಾಕಬಹುದೇನ್ರಿ?

ಉತ್ತರ: ಹಾಕಬಹುದ್ರಿ, ಆದ್ರ ಕ್ಯಾಮೆರಾದ ಪೂರ್ತಿ ರೊಕ್ಕ ಒಮ್ಮೆಲೆ ಕಳಿಯಾಕ ಬರಂಗಿಲ್ಲ, ವರ್ಷಾ 15 ಪರ್ಸೆಂಟ್ ಡಿಪ್ರಿಸಿಯೇಷನ್ (ಸಾಮಾನು ಹಳೇದಾದಂಗ ಇಳಿಯೋ ಬೆಲಿ) ಅಂತ ಕಳೀಬಹುದು, ಲ್ಯಾಪ್‌ಟಾಪ್‌ಗೆ 40, ಕೊಂಡ ವರ್ಷ 180 ದಿನಕ್ಕಿಂತ ಕಡಿಮಿ ಬಳಸಿದ್ರ ಅದರ ಅರ್ಧ. ಪೆಟ್ರೋಲ್ ಆರ್ಡರಿಗೆ ಓಡಿಸಿದ್ದಷ್ಟ ಹಾಕ್ರಿ. ಪ್ರಿಂಟಿಂಗ್‌ನವ್ರಿಗೆ ಒಂದ ದಿನದಾಗ 10,000 ರೂಪಾಯಿ ಮ್ಯಾಲೆ ಕ್ಯಾಶ್ ಕೊಟ್ರ ಆ ಖರ್ಚು ಒಪ್ಪಂಗಿಲ್ಲ, ಯುಪಿಐ ಮಾಡಿ ಬಿಲ್ ಇಸ್ಕೊರಿ.

ಇನ್ನೊಂದು ಉತ್ತರ: ಪ್ರಿಸಂಪ್ಟಿವ್ ಸ್ಕೀಮೂ (ಅಂದಾಜು ಲಾಭದ ಮ್ಯಾಲೆ ಟ್ಯಾಕ್ಸ್ ಕಟ್ಟೋದು) ಐತ್ರಿ, ಬ್ಯಾಂಕಿಗೆ ಬಂದಿದ್ರಾಗ 6 ಪರ್ಸೆಂಟ್, ಕ್ಯಾಶ್‌ನ್ಯಾಗ 8 ಲಾಭ ಅಂತ ತೋರಿಸಿದ್ರ ಸಾಕು. ಆದ್ರ ಮ್ಯಾಲಿನ ಖರ್ಚು ಯಾವೂ ಬ್ಯಾರೆ ಕಳಿಯಂಗಿಲ್ಲ.

ಪ್ರಶ್ನೆ ಕೇಳಿದವರು: ಹಂಗಾರ ಸಿಎ ಕಡೆ ಎರಡೂ ಲೆಕ್ಕ ಹಾಕಿಸಿ ನೋಡ್ತೀನ್ರಿ.