ಯಮಹಾ ಆರ್‌ಎಕ್ಸ್ 100 ಬೈಕ್: ಚೇಂಬರ್ ಹಾಕಿದ ಮ್ಯಾಲೆ ಫುಲ್ ಥ್ರಾಟಲ್‌ನಾಗ ಕಟ್ ಆಗ್ತೈತಿ

ಪ್ರಶ್ನೆ (ವಿಜಯಪುರ): ಎಕ್ಸ್‌ಪಾನ್ಷನ್ ಚೇಂಬರ್ (ರೇಸಿಂಗ್ ಸೈಲೆನ್ಸರ್), ಓಪನ್ ಫಿಲ್ಟರ್ ಹಾಕೇನಿ, ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯೋ ಸಣ್ಣ ತೂತಿನ ತಿರುಪು) ಹಳೇದ ಐತಿ. ಅರ್ಧ ಥ್ರಾಟಲ್ ತನಕ ಛಲೋ. ಫುಲ್ ತಿರುವಿದ್ರ ಉಸಿರುಗಟ್ಟಿದಂಗ ಆಗ್ತೈತಿ, ತುಸು ಬಿಟ್ರ ಮತ್ತ ಎಳೀತೈತಿ. ಪ್ಲಗ್ ಸುಣ್ಣದಂಗ ಬೆಳ್ಳಗ. ಯಾವ ನಂಬರ್ ಜೆಟ್ ತರಲಿ?

ಉತ್ತರ 1: ಲೀನ್ ಆಗೇತ್ರಿ, ಅಂದ್ರ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಇನ್ನ ಫುಲ್ ತಿರುವಬ್ಯಾಡ್ರಿ, ಪಿಸ್ಟನ್ ಕಾದು ಸಿಲಿಂಡರಿನಾಗ ಹಿಡೀತೈತಿ. ಬ್ಯಾರೇದವ್ರ ನಂಬರ್ ನಿಮ್ಮ ಗಾಡಿಗೆ ಬರಂಗಿಲ್ಲ. ಮೂರ್ನಾಕು ಸೈಜ್ ದೊಡ್ಡ ಮೇನ್ ಜೆಟ್ (ಫುಲ್ ಥ್ರಾಟಲ್‌ನಾಗ ಪೆಟ್ರೋಲ್ ಕೊಡೋದು) ತಂದು ಹಾಕ್ರಿ. ಫುಲ್‌ನಾಗ ಎಂಜಿನ್ ಬಡಬಡ ಅಂತ ತೊದಲಬೇಕು, ಅಂದ್ರ ಪೆಟ್ರೋಲ್ ಹೆಚ್ಚಾತು. ಅಲ್ಲಿಂದ ಒಂದೊಂದ ಸೈಜ್ ಇಳಸ್ರಿ. ತೊದಲೋದು ನಿಂತ ಮ್ಯಾಲೆ ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆದಾಗ ಮೂರನೇ ಗೇರ್, ಫುಲ್ ಥ್ರಾಟಲ್, ಹಂಗ ಕ್ಲಚ್ ಹಿಡದು ಕೀ ಆಫ್. ಪ್ಲಗ್ಗಿನ ಪಿಂಗಾಣಿ ಚಹಾದ ಬಣ್ಣಕ್ಕ ಬಂದಿರಬೇಕು.

ಉತ್ತರ 2: ಜೆಟ್ಟಿಗೆ ರೊಕ್ಕ ಹಾಕೂ ಮೊದಲ ಗಾಳಿ ಲೀಕ್ ನೋಡ್ರಿ. ಐಡಲ್‌ನಾಗ ಇಂಟೇಕ್ ರಬ್ಬರ್ (ಕಾರ್ಬ್ಯುರೇಟರ್, ಎಂಜಿನ್ ನಡುವಿಂದು) ಸುತ್ತ ಕಾರ್ಬ್ ಕ್ಲೀನರ್ ಹೊಡೀರಿ, ಆರ್‌ಪಿಎಂ ಬದಲಾದ್ರ ಅಲ್ಲೇ ಲೀಕ್. ಪೆಟ್ರೋಲ್ ಕಾಕ್‌ನ ಜಾಳಗಿ ಕಟ್ಟಿದ್ರೂ ಇದೇ ಲಕ್ಷಣ.

ಪ್ರಶ್ನೆ ಕೇಳಿದವರು: ಕಾಲು ಥ್ರಾಟಲ್‌ನಾಗೂ ಸಣ್ಣ ತಡವರಿಕೆ ಐತ್ರಿ. ಕಾರ್ಬ್ಯುರೇಟರಿನ ಸೂಜಿ ಕ್ಲಿಪ್ ಇಳಸ್ಲಾ?

ಉತ್ತರ 1: ಮೇನ್ ಜೆಟ್ ಸರಿ ಕುಂತ ಮ್ಯಾಲೆ ಇಳಸ್ರಿ. ಕ್ಲಿಪ್ ಒಂದು ಕಚ್ಚು ಕೆಳಗ ಹಾಕಿದ್ರ ಸೂಜಿ ಮ್ಯಾಲೇಳತೈತಿ, ಅಂದ್ರ ರಿಚ್ (ಪೆಟ್ರೋಲ್ ಹೆಚ್ಚು). ಏರ್ ಸ್ಕ್ರೂ (ಐಡಲ್‌ನಾಗ ಗಾಳಿ ಹೊಂದಸೋ ತಿರುಪು) ಕಡೀಕ: ಪೂರ್ತಿ ಒಳಗ ಹಾಕಿ, ಅಲ್ಲಿಂದ ಒಂದೂವರಿ ಸುತ್ತು ಬಿಚ್ಚಿ ಶುರು ಮಾಡ್ರಿ, ಒಳಗ ತಿರುವಿದ್ರ ರಿಚ್.

ಉತ್ತರ 3: ಏಪ್ರಿಲ್ ಬಿಸಿಲಾಗ ಕುಂದ್ರಿಸಿದ ಜೆಟ್ ಡಿಸೆಂಬರ್ ಮುಂಜಾನೆ ಲೀನ್ ಆಗ್ತೈತಿ, ತಣ್ಣನ ಗಾಳಿ ದಟ್ಟ. ಒಂದು ಸೈಜ್ ದೊಡ್ಡದು ಡಬ್ಬಿದಾಗ ಇರಲಿ.